ಮಂಜು, ಏನೂ ಕಾಣಲಿಲ್ಲ

ಹಾಲ್ವರನಿಗೆ ಭಾನುವಾರ ಎಂದರೆ ಹಾಸಿಗೆ. ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು, ರೇಡಿಯೋ ಹಾಕಿಕೊಂಡು, ಹೊಟ್ಟೆಯ ಮೇಲೆ ಪದಬಂಧ ಇಟ್ಟುಕೊಂಡು ಮಧ್ಯಾಹ್ನದವರೆಗೆ ಬಿದ್ದಿರುವುದು. ಬೇರೆ ಯಾವ ದೇಶದಲ್ಲಾದರೂ ಇದರಿಂದ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಅವನು ಹುಟ್ಟಿದ್ದು ನಾರ್ವೆಯಲ್ಲಿ, ಅದರಲ್ಲೂ ಏಳು ಬೆಟ್ಟಗಳ ನಡುವಿನ ನಮ್ಮ ಬೆರ್ಗೆನ್ನಿನಲ್ಲಿ. ಭಾನುವಾರ ಬೆಟ್ಟ ಹತ್ತದವನನ್ನು ನಮ್ಮೂರಿನವರು ಬಯ್ಯುವುದಿಲ್ಲ. 'ಯಾಕೆ, ಮೈಗೆ ಹುಷಾರಿಲ್ವಾ?' ಎಂದು ಕೇಳುತ್ತಾರೆ. ಅದಕ್ಕಿಂತ ಬೈದರೇ ವಾಸಿ.

ಸೋಮವಾರ ಮಧ್ಯಾಹ್ನ ಅವನ ವಿಮೆ ಕಚೇರಿಯ ಊಟದ ಕೋಣೆಯಲ್ಲಿ ಎಲ್ಲರೂ ಬ್ರೆಡ್ಡಿನ ಡಬ್ಬಿ ಬಿಚ್ಚಿ ಕೂತ ಕೂಡಲೇ ವಿಚಾರಣೆ ಶುರುವಾಗುತ್ತಿತ್ತು. ನಿನ್ನೆ ಯಾವ ಬೆಟ್ಟ, ಯಾವ ದಾರಿ, ಮೇಲೆ ಏನು ಕಂಡಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸೋಮವಾರ ಹಾಲ್ವರ್ ಬಾಯಿ ತಪ್ಪಿ, "ನಾನು ವಿಡ್ಡನ್ ದಾಟಿದೆ," ಎಂದುಬಿಟ್ಟ. ವಿಡ್ಡನ್ ಅಂದರೆ ಉಲ್ರಿಕೆನ್ ಬೆಟ್ಟದಿಂದ ಫ್ಲೋಯೆನ್ ಬೆಟ್ಟದವರೆಗೆ ಹರಡಿರುವ ಬೋಳು ಪ್ರಸ್ಥಭೂಮಿ, ದಾಟುವುದಕ್ಕೆ ಅರ್ಧ ದಿನ ಬೇಕು. "ಮೇಲಿಂದ ಹೇಗಿತ್ತು?" ಎಂದು ಯಾರೋ ಕೇಳಿದರು. "ಮಂಜು. ಏನೂ ಕಾಣಲಿಲ್ಲ," ಎಂದ. ಎಲ್ಲರೂ ತಲೆಯಾಡಿಸಿದರು. ನಮ್ಮೂರಿನಲ್ಲಿ ಈ ಮಾತನ್ನು ಅನುಮಾನಿಸುವುದಕ್ಕೆ ಯಾರಿಂದಲೂ ಆಗುವುದಿಲ್ಲ.

ಅಲ್ಲಿಂದ ಅವನ ದಾರಿ ಸಲೀಸಾಯಿತು. ಪ್ರತಿ ವಾರ ಒಂದು ಬೆಟ್ಟ, ಪ್ರತಿ ಬೆಟ್ಟದ ಮೇಲೂ ಮಂಜು. ವರ್ಷಗಳು ಉರುಳಿದ ಹಾಗೆ ಅವನು ಕಚೇರಿಗೇ ದೊಡ್ಡ ಬೆಟ್ಟಗಾರನೆಂದು ಹೆಸರಾದ. ಟ್ರುಲ್ಸ್ ಎಂಬ ಸಹೋದ್ಯೋಗಿಯಂತೂ ಅವನನ್ನು ಗುರು ಎಂದೇ ಕರೆಯುತ್ತಿದ್ದ.

ಇದೆಲ್ಲ ಹಾಳಾಗಿಹೋಗಲಿ, ಆದರೆ ಪಕ್ಕದ ಮೇಜಿನ ಸಿಗ್ನೆ ಇದ್ದಳಲ್ಲ. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದ, ಮೆಲುದನಿಯ ಹೆಂಗಸು. ಸೋಮವಾರ ಹಾಲ್ವರ್ ಮಂಜಿನ ಕತೆ ಮುಗಿಸಿದ ಮೇಲೆ ಅವಳು ತನ್ನ ಫ್ಲಾಸ್ಕಿನಿಂದ ಅವನ ಲೋಟಕ್ಕೆ ಕಾಫಿ ಬಗ್ಗಿಸಿ, "ಕಾಲು ನೋಯ್ತಿರಬೇಕು, ಕುಡೀರಿ," ಎನ್ನುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟಿದ್ದಳು. ಎರಡೂ ಬಿಳಿ, ಆದರೆ ಒಂದರ ಹಿಮ್ಮಡಿ ಹಸಿರು, ಇನ್ನೊಂದರದ್ದು ಕೆಂಪು. "ಮನೇಲಿ ಹೆಣೆದಿದ್ದು. ಹಸಿರು ಉಣ್ಣೆ ಸಾಲಲಿಲ್ಲ, ಬೇಜಾರು ಮಾಡ್ಕೋಬೇಡಿ," ಎಂದಿದ್ದಳು. ಆ ಕಾಲುಚೀಲ ಹಾಕಿಕೊಂಡು ಹಾಲ್ವರ್ ಹಾಸಿಗೆಯಲ್ಲಿ ಬಿದ್ದಿರುತ್ತಿದ್ದ, ಮತ್ತು ಒಂದೊಂದು ಸಲ ನಾಚಿಕೆಯಾಗಿ ಪದಬಂಧವನ್ನು ಪಕ್ಕಕ್ಕಿಡುತ್ತಿದ್ದ. ಊರೆಲ್ಲ ತನ್ನನ್ನು ಸುಳ್ಳುಗಾರ ಎಂದರೂ ಅವನು ತಡೆದುಕೊಳ್ಳುತ್ತಿದ್ದ. ಸಿಗ್ನೆಯ ಬಾಯಲ್ಲಿ ಆ ಮಾತು ಕೇಳುವುದು ಮಾತ್ರ ಅವನಿಂದ ಆಗದ ಕೆಲಸ.

ಹೀಗಿರುವಾಗ ಜೂನ್ ತಿಂಗಳ ಒಂದು ಗುರುವಾರ ಕಚೇರಿಯ ಮುಖ್ಯಸ್ಥೆ ಯೋರುನ್ ಊಟದ ಕೋಣೆಗೆ ಬಂದು ಚಮಚದಿಂದ ಲೋಟ ತಟ್ಟಿದಳು. "ಈ ಭಾನುವಾರ ನಾವೆಲ್ಲ ಸೇರಿ ವಿಡ್ಡನ್ ದಾಟ್ತಾ ಇದ್ದೀವಿ. ಮುಂದೆ ನಿಂತು ಕರ್ಕೊಂಡು ಹೋಗೋನು ನಮ್ಮ ಹಾಲ್ವರ್."

"ಗುರು ಇದ್ರೆ ಕಣ್ಣು ಮುಚ್ಕೊಂಡು ಹೋಗಬಹುದು," ಎಂದ ಟ್ರುಲ್ಸ್.

"ನಾನೂ ಬರ್ತೀನಿ," ಎಂದಳು ಸಿಗ್ನೆ. "ನೀವು ಅಷ್ಟು ಹೇಳ್ತಿರ್ತೀರಲ್ಲ, ಒಂದು ಸಲ ನೋಡೋಣ ಅಂತ."

ಹಾಲ್ವರ್ ಕೈಯಲ್ಲಿದ್ದ ಬ್ರೆಡ್ಡನ್ನು ಮತ್ತೆ ಡಬ್ಬಿಗೇ ಹಾಕಿದ. ಆದರೂ ಅವನು ಹೇಡಿಯಲ್ಲ, ಅಷ್ಟನ್ನು ಒಪ್ಪಿಕೊಳ್ಳಬೇಕು. ಶನಿವಾರ ಒಬ್ಬನೇ ಹೋಗಿ ಇಡೀ ದಾರಿಯನ್ನು ಕಲಿತು ಬರುವುದೆಂದು ಅಲ್ಲೇ ತೀರ್ಮಾನಿಸಿದ. ಸತ್ತರೂ ಸರಿ, ಯಾರ ಸಹಾಯವನ್ನೂ ಕೇಳಕೂಡದು.

ಶನಿವಾರ ಬೆಳಿಗ್ಗೆ ಜಿನುಗು ಮಳೆಯಲ್ಲಿ ಬಂದರಿನ ಹತ್ತಿರದ ಪ್ರವಾಸಿ ಕೇಂದ್ರಕ್ಕೆ ಹೋದ. ಉಲ್ರಿಕೆನ್ ಏರುವುದು ಎಲ್ಲಿಂದ ಎಂದೇ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಬೆರ್ಗೆನ್ನಿನವನು ಇದನ್ನು ಕೇಳುವುದೂ ಒಂದೇ, ತನ್ನ ಮನೆಯ ಅಡುಗೆಕೋಣೆ ಎಲ್ಲಿದೆ ಎಂದು ಕೇಳುವುದೂ ಒಂದೇ. ನಕ್ಷೆ ಬಿಡಿಸಿ ನೋಡಿದ. ಮಗು ಪೆನ್ಸಿಲ್ ಹಿಡಿದು ಗೀಚಿದ ಹಾಗೆ ಬರೀ ಕಂದು ಗೆರೆಗಳು. ತಲೆಯೆತ್ತಿದರೆ ಗಾಜಿನ ಆಚೆ, ಮೀನು ಮಾರುಕಟ್ಟೆಯಲ್ಲಿ, ಸೀಗಡಿ ಪೊಟ್ಟಣ ಹಿಡಿದ ಟ್ರುಲ್ಸ್ ಇತ್ತಲೇ ಬರುತ್ತಿದ್ದ.

ಬಾಗಿಲಲ್ಲಿ ಹಡಗಿನಿಂದ ಇಳಿದ ಒಂದು ಪ್ರವಾಸಿ ಗುಂಪು ಹೊರಡುತ್ತಿತ್ತು. ಎಲ್ಲರಿಗೂ ತೆಳ್ಳನೆಯ ಹಳದಿ ಮಳೆಯಂಗಿ ಹಂಚುತ್ತಿದ್ದರು. ಹಾಲ್ವರ್ ಗುಂಪಿನ ನಡುವೆ ನುಗ್ಗಿ, ಒಂದು ಅಂಗಿ ಕಸಿದುಕೊಂಡು, ಅದರ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡ.

"ನೀವು ಯಾವ ದೇಶದವರು?" ಎಂದು ಗುಂಪಿನ ಮಾರ್ಗದರ್ಶಿ ಹುಡುಗಿ ಕೇಳಿದಳು.

ಟ್ರುಲ್ಸ್ ಪಕ್ಕದಲ್ಲೇ ಹಾದುಹೋಗುತ್ತಿದ್ದ. ಹಾಲ್ವರನಿಗೆ ತೋಚಿದ್ದು ಒಂದೇ. ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವನ ಹಾಗೆ ನಾಲಿಗೆ ತಿರುವಿ, "ಡೆನ್ಮಾರ್ಕ್," ಎಂದ. ನಮ್ಮವರಿಗೆ ಡೆನ್ಮಾರ್ಕಿನವರ ಮಾತು ಕೇಳಿಸುವುದೇ ಹಾಗೆ.

"ಪಾಪ, ಈ ಮಳೇಲಿ," ಎಂದು ಟ್ರುಲ್ಸ್ ಮೀನಿನವನಿಗೆ ಹೇಳಿ ಮುಂದೆ ಹೋದ.

ಗುಂಪಿನಿಂದ ಬಿಡಿಸಿಕೊಳ್ಳುವುದು ಹಾಲ್ವರನಿಗೆ ಆಗಲಿಲ್ಲ. ಹುಡುಗಿ ಒಂದೊಂದು ತಿರುವಿನಲ್ಲೂ ತಲೆ ಎಣಿಸುತ್ತಿದ್ದಳು. ಹೇಗೂ ಇವರು ಕೊನೆಗೆ ಉಲ್ರಿಕೆನ್ನಿಗೇ ಹೋಗುತ್ತಾರೆಂದು ತಿಳಿದ ಮೇಲೆ ಅವನೂ ಸುಮ್ಮನೆ ಹಿಂಬಾಲಿಸಿದ. ದಿನವೂ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದ ಬಂದರಿನ ಓರೆ ಮರದ ಮನೆಗಳ ಒಳಗೆ ಮೊದಲ ಸಲ ಕಾಲಿಟ್ಟ. ಅವು ಎಷ್ಟೋ ಸಲ ಸುಟ್ಟುಹೋಗಿ ಮತ್ತೆ ಎದ್ದಿವೆ ಎಂದು ಹುಡುಗಿ ಹೇಳಿದಾಗ ಜರ್ಮನಿಯ ಮುದುಕರ ಜೊತೆ ತಾನೂ ಬಾಯಿ ಬಿಟ್ಟುಕೊಂಡು ಕೇಳಿದ. ಮೀನಿನ ಸೂಪು ಕುಡಿದ. ಹಳೆಯ ಚರ್ಚಿನ ಮುಂದೆ ಯಾರದೋ ಕ್ಯಾಮೆರಾಕ್ಕೆ ನಗುತ್ತಾ ನಿಂತ. ಊರು ಇಷ್ಟು ಚೆನ್ನಾಗಿದೆ ಎಂದು ಅವನಿಗೆ ಯಾರೂ ಹೇಳಿರಲೇ ಇಲ್ಲ.

ರೋಪ್‌ವೇಯಲ್ಲಿ ಉಲ್ರಿಕೆನ್ ಮೇಲೆ ಇಳಿದ ಮೇಲೆ ಹುಡುಗಿ ಎಚ್ಚರಿಕೆ ಕೊಟ್ಟಳು. "ಈ ಕಂಬಿ ದಾಟಿ ಯಾರೂ ಹೋಗಬೇಡಿ. ಡೆನ್ಮಾರ್ಕಿನವರೇ, ನಿಮಗೆ ವಿಶೇಷವಾಗಿ ಹೇಳ್ತಿದ್ದೀನಿ. ನಿಮ್ಮಲ್ಲಿ ಬೆಟ್ಟ ಇಲ್ಲ, ನಿಮಗೆ ಗೊತ್ತಾಗಲ್ಲ."

ಅವಳು ಆ ಕಡೆ ತಿರುಗಿದ್ದೇ ತಡ, ಹಾಲ್ವರ್ ಕಂಬಿ ದಾಟಿದ.

ಈಗ ನಮ್ಮೂರಿನವರ ಒಂದು ಬುದ್ಧಿಯನ್ನು ಹೇಳಬೇಕು. ಕೆಳಗೆ ಊರಿನಲ್ಲಿ ಬಸ್ಸಿನಲ್ಲಿ ಪಕ್ಕ ಕೂತವನ ಮುಖವನ್ನೂ ನಾವು ನೋಡುವುದಿಲ್ಲ. ಅದೇ ಜನ ಬೆಟ್ಟ ಹತ್ತಿದರೆ ಸಾಕು, ಎದುರು ಬಂದವರಿಗೆಲ್ಲ ನಮಸ್ಕಾರ, ಯೋಗಕ್ಷೇಮ, ಉಪದೇಶ. ಹಾಲ್ವರ್ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಕೆಂಪು ಜಾಕೆಟ್ಟಿನ ಒಂದು ಜೋಡಿ ಎದುರಾಗಿ ಅವನ ಹಳದಿ ಅಂಗಿಯನ್ನು ಅಡಿಯಿಂದ ಮುಡಿವರೆಗೆ ನೋಡಿತು.

"ಎಲ್ಲಿಗೆ?" ಎಂದ ಗಂಡ.

"ಫ್ಲೋಯೆನ್ನಿಗೆ. ದಾರಿ ಇದೇನಾ?"

ಗಂಡನ ಹುಬ್ಬು ಮೇಲೇರಿತು. ದಾರಿ ಕೇಳುವ ಬೆರ್ಗೆನ್ನಿನವನನ್ನು ಅವನು ಕಂಡಿರಲಿಲ್ಲ. ಹಾಲ್ವರ್ ತಕ್ಷಣ ಆಲೂಗಡ್ಡೆಯನ್ನು ಬಾಯಿಗೆ ತಂದುಕೊಂಡು, "ನಾನು ಡೆನ್ಮಾರ್ಕಿನವನು," ಎಂದ.

"ಅಯ್ಯೋ ದೇವರೇ, ಒಬ್ಬರೇನಾ?" ಎಂದಳು ಹೆಂಡತಿ. "ಯಾರಿಗಾದ್ರೂ ಹೇಳಿ ಬಂದಿದ್ದೀರಾ? ಉಣ್ಣೆ ಟೋಪಿ ಎಲ್ಲಿ? ಕಿತ್ತಳೆ ಹಣ್ಣಾದ್ರೂ ಇದೆಯಾ?"

ಅವಳು ತನ್ನ ಗಂಡನ ತಲೆಯಿಂದ ಟೋಪಿ ಕಿತ್ತು ಹಾಲ್ವರನ ತಲೆಗೆ ಹಾಕಿ, ಎರಡು ಕಿತ್ತಳೆಯನ್ನು ಜೇಬಿಗೆ ತುರುಕಿದಳು. ಜೊತೆಗೆ ಬರುತ್ತೇವೆ ಎಂದರು. ಬೇಡ, ನಾನು ಒಬ್ಬನೇ ಹೋಗಬೇಕು ಎಂದು ಹಾಲ್ವರ್ ಹಟ ಹಿಡಿದ. ಸರಿ ಎಂದು ಬಿಟ್ಟರು, ಆದರೆ ಸುದ್ದಿಯನ್ನು ಬಿಡಲಿಲ್ಲ. ಹಿಂದಿನಿಂದ ಬಿರಬಿರನೆ ಬಂದವರೊಬ್ಬರು ಅದನ್ನು ಹೊತ್ತುಕೊಂಡು ಹಾಲ್ವರನನ್ನೂ ದಾಟಿ ಮುಂದೆ ಹೋದರು. ಮುಂದಿನ ದಿಬ್ಬದಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತು, "ನೀವೇನಾ ಆ ಡೆನ್ಮಾರ್ಕಿನವರು?" ಎಂದು ಕೇಳಿದರು.

ಮೇಷ್ಟ್ರು ಅವನ ಕುತ್ತಿಗೆಗೆ ಒಂದು ಸಿಳ್ಳೆ ಕಟ್ಟಿದರು. ಮಂಜು ಇಳಿದಾಗ ಏನು ಮಾಡಬೇಕೆಂದು ಪಾಠ ಮಾಡಿ, ಮತ್ತೆ ಒಪ್ಪಿಸುವಂತೆ ಹೇಳಿದರು. ಅದರ ಮುಂದಿನ ತಿರುವಿನಲ್ಲಿ ಒಂದು ಸಂಸಾರ ಕಾಯುತ್ತಾ ನಿಂತಿತ್ತು. ಅವರು ಚಾಕೊಲೇಟ್ ಕೊಟ್ಟು, ಇನ್ನೊಂದು ಟೋಪಿ ಹಾಕಿ, "ಡೆನ್ಮಾರ್ಕಿನ ಎಲ್ಲಕ್ಕಿಂತ ಎತ್ತರದ ಬೆಟ್ಟ ನಮ್ಮ ಮನೆ ಮಹಡಿಗಿಂತ ಎತ್ತರ ಇದೆಯಾ?" ಎಂದು ವಿಚಾರಿಸಿದರು. ಕಂಡ ಕಂಡವರೆಲ್ಲ ಅವನನ್ನು ತಡೆದು ನಿಲ್ಲಿಸುವವರೇ. ದಾರಿ ಕಲಿಯುವುದಕ್ಕೆ ಬಂದವನಿಗೆ ದಾರಿ ನೋಡುವುದಕ್ಕೇ ಪುರುಸೊತ್ತಿಲ್ಲ.

ಎದುರಿನಿಂದ ಮತ್ತೊಂದು ಗುಂಪು ಕೈಬೀಸುತ್ತಾ ಬರುವುದು ಕಂಡಾಗ ಹಾಲ್ವರನಿಗೆ ರೋಸಿಹೋಯಿತು. ದಾರಿ ಬಿಟ್ಟು ಬಂಡೆಯ ಹಿಂದಕ್ಕೆ ಇಳಿದ. ಅಲ್ಲಿ ಹಸಿರು ಹುಲ್ಲು ಮೆತ್ತಗೆ ಚೆನ್ನಾಗಿ ಕಂಡಿತು. ಮೂರನೆಯ ಹೆಜ್ಜೆಗೆ ತೊಡೆಯವರೆಗೆ ಕೆಸರಿನಲ್ಲಿ ಹೂತುಹೋದ.

ಎಳೆದಷ್ಟೂ ಕಾಲು ಒಳಗೇ ಹೋಗುತ್ತಿತ್ತು. ಮಂಜು ಬೇರೆ ಇಳಿಯಿತು, ಅವನು ಇಷ್ಟು ವರ್ಷ ಹೇಳುತ್ತಿದ್ದಂಥದ್ದೇ. ಕುತ್ತಿಗೆಯಲ್ಲಿ ಸಿಳ್ಳೆ ಇತ್ತು. ಊದಿದರೆ ಅರ್ಧ ಊರು ಓಡಿ ಬರುತ್ತದೆ, ಅದರಲ್ಲಿ ಒಬ್ಬನಾದರೂ ಗುರುತಿನವನಿರುತ್ತಾನೆ, ಸೋಮವಾರದೊಳಗೆ ಸಿಗ್ನೆಯ ಕಿವಿಗೆ ಬೀಳುತ್ತದೆ. ಹಾಲ್ವರ್ ಹಲ್ಲು ಕಚ್ಚಿಕೊಂಡು ನಿಂತ. ಊದಲಿಲ್ಲ.

"ಊದೋಕೇನಯ್ಯಾ ನಿಂಗೆ ರೋಗ? ಕುತ್ತಿಗೇಲಿ ಸಿಳ್ಳೆ ಇದೆಯಲ್ಲ."

ಮಂಜಿನೊಳಗಿನಿಂದ ಒಬ್ಬಳು ಅಜ್ಜಿ ಬಂದಳು. ಮಾಸಿದ ನೀಲಿ ಜಾಕೆಟ್ಟು, ಕೈಯಲ್ಲೊಂದು ಕೋಲು, ಸ್ವಲ್ಪ ಕುಂಟು ನಡಿಗೆ. ಕೋಲಿನ ಒಂದು ತುದಿಯನ್ನು ಅವನತ್ತ ಚಾಚಿ, ಇನ್ನೊಂದನ್ನು ಬಂಡೆಗೆ ಆನಿಸಿ, "ಎಳ್ಕೋ," ಎಂದಳು. ಬಹಳ ಹೊತ್ತು ಹೆಣಗಿದ ಮೇಲೆ ಹಾಲ್ವರ್ ಈಚೆ ಬಂದ.

"ನಾನು ಡೆನ್ಮಾರ್ಕಿ..."

"ಗೊತ್ತು. ಬೆಟ್ಟಕ್ಕೆಲ್ಲ ಗೊತ್ತು. ನಾನು ರಾಗ್ನಾ. ನಡಿ, ಆ ಕಾಲು ಒಣಗಿಸ್ಬೇಕು."

"ನಾನು ಒಬ್ಬನೇ ಹೋಗ್ತೀನಿ, ಅಜ್ಜಿ."

"ಹೋಗಿದ್ದು ನೋಡಿದೆನಲ್ಲ," ಎಂದಳು ರಾಗ್ನಜ್ಜಿ.

ಹತ್ತಿರದಲ್ಲೇ ಒಂದು ಗುಡಿಸಲಿತ್ತು. ಒಲೆ ಉರಿಯುತ್ತಿತ್ತು, ಶನಿವಾರವಾದ್ದರಿಂದ ಯಾರೋ ವಾಫಲ್ ಸುಟ್ಟು ಮಾರುತ್ತಿದ್ದರು. ಅಜ್ಜಿ ಅವನ ಬೂಟು ಬಿಚ್ಚಿಸಿದಳು. ಕಾಲುಚೀಲವನ್ನು ತಾನೇ ಕಿತ್ತು, ಹಿಂಡಿ, ಒಲೆಯ ಮೇಲಿನ ತಂತಿಗೆ ನೇತುಹಾಕಲು ಹೋದವಳು ಹಾಗೇ ನಿಂತುಬಿಟ್ಟಳು. ಒಂದು ಹಿಮ್ಮಡಿಯನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ಆಮೇಲೆ ಹಾಲ್ವರನ ಮುಖವನ್ನು ನೋಡಿದಳು.

"ಒಂದು ಹಸಿರು, ಒಂದು ಕೆಂಪು. ಡೆನ್ಮಾರ್ಕಲ್ಲಿ ಹೀಗಾ ಹಾಕ್ಕೊಳ್ಳೋದು?"

"ಹೌದು ಅಜ್ಜಿ. ಅಲ್ಲೆಲ್ಲ ಹೀಗೇ."

"ಒಳ್ಳೆ ದೇಶ," ಎಂದಳು ಅಜ್ಜಿ. ಅವನ ಕೈಗೊಂದು ವಾಫಲ್ ಕೊಟ್ಟಳು.

ಅಲ್ಲಿಂದ ಮುಂದೆ ಅವಳು ವಿಚಿತ್ರವಾಗಿ ನಡೆದುಕೊಂಡಳು. ದಾರಿ ಗುರುತಿಗೆ ಪೇರಿಸಿದ ಪ್ರತಿ ಕಲ್ಲುಗುಪ್ಪೆಯ ಹತ್ತಿರವೂ ಕೋಲು ಕುಟ್ಟಿ ನಿಲ್ಲಿಸಿ, "ಇಲ್ಲಿ ಎಡಕ್ಕೆ. ಎಲ್ಲಿಗೆ?" ಎನ್ನುತ್ತಿದ್ದಳು. "ಎಡಕ್ಕೆ," ಎಂದು ಹಾಲ್ವರ್ ಒಪ್ಪಿಸಬೇಕು. "ಈ ಕೆರೆ ಬಲಗಡೆ ಇರ್ಬೇಕು. ಎಡಗಡೆ ಬಂದ್ರೆ ದಾರಿ ತಪ್ತು ಅಂತ. ಹೇಳು." ಹೇಳಿದ. "ಇಲ್ಲಿ ಗಾಳಿ ಜೋರು, ಜನರನ್ನ ನಿಲ್ಲಿಸ್ಬೇಡ." ನಾಳೆ ಹಡಗು ಹತ್ತಿ ಹೋಗುವ ಡೆನ್ಮಾರ್ಕಿನವನಿಗೆ ಇದೆಲ್ಲ ಯಾಕೆ ಎಂದು ಹಾಲ್ವರ್ ಯೋಚಿಸಲಿಲ್ಲ. ಕೇಳದೆಯೇ ದಾರಿ ಸಿಕ್ಕಿತಲ್ಲ ಎಂದು ಒಳಗೊಳಗೇ ಖುಷಿಪಟ್ಟ. ಎದುರಾದವರೆಲ್ಲ, "ಓ, ಸಿಕ್ಕಿದ್ರಾ ಇವರು," ಎಂದು ಅಜ್ಜಿಗೆ ಹೇಳಿ ನಿಟ್ಟುಸಿರುಬಿಟ್ಟು ಹೋದರು.

ಫ್ಲೋಯೆನ್ ತಲುಪಿದಾಗ ಮಂಜು ಸರಿದಿತ್ತು. ಕೆಳಗೆ ಊರಿನ ಕೆಂಪು ಹೆಂಚುಗಳು, ಬಂದರಿನ ದೋಣಿಗಳು. ಅಜ್ಜಿ ಬೆಂಚಿನ ಮೇಲೆ ಕೂತು ಸೊಂಟ ನೀವಿಕೊಂಡಳು.

"ಕೂತ್ಕೋ ಹಾಲ್ವರ್. ಇನ್ನು ಆ ಡ್ಯಾನಿಶ್ ಸಾಕು, ಕೇಳಿ ಕೇಳಿ ಕಿವಿ ನೋಯ್ತಾ ಇದೆ."

ಹಾಲ್ವರ್ ಕೂರಲಿಲ್ಲ, ಕುಸಿದ.

"ಆ ಕಾಲುಚೀಲ ಹೆಣೆದೋಳು ನಾನು ಕಣಯ್ಯಾ. ಹಸಿರು ಉಣ್ಣೆ ಮುಗಿದು ಹೋಯ್ತು ಅಂತ ಎರಡನೇದಕ್ಕೆ ಕೆಂಪು ಹಾಕಿದ್ದು ನಾನು. ಯಾರಿಗಮ್ಮಾ ಇದು ಅಂತ ಕೇಳಿದ್ದಕ್ಕೆ ನನ್ನ ಮಗಳು ಸಿಗ್ನೆ ಹೇಳಿದ್ಳು, ಆಫೀಸಲ್ಲಿ ಹಾಲ್ವರ್ ಅಂತ ಒಬ್ಬರಿದ್ದಾರೆ, ಪ್ರತಿ ಭಾನುವಾರ ಬೆಟ್ಟ ಹತ್ತೋರು, ಬಹಳ ನಂಬಿಕಸ್ಥರು ಅಂತ. ನಾನೂ ಪ್ರತಿ ಭಾನುವಾರ ಇಲ್ಲೇ ಇರ್ತೀನಿ. ಅಂಥ ಮನುಷ್ಯನ್ನ ಒಂದು ಸಲಾನೂ ನೋಡಿಲ್ವಲ್ಲ ಅಂದ್ಕೊಂಡೆ."

ಹಾಲ್ವರ್ ಎರಡೂ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಸಿಗ್ನೆಗೆ ಹೇಳ್ಬೇಡಿ," ಎಂದ. "ಬೇರೆ ಯಾರಿಗೆ ಬೇಕಾದ್ರೂ ಹೇಳಿ. ಅವರಿಗೆ ಬೇಡ."

ಅಜ್ಜಿ ಕೋಲನ್ನು ಬೆಂಚಿಗೆ ಒರಗಿಸಿದಳು. "ಹೇಳೋ ಹಾಗಿಲ್ಲ ಬಿಡು. ನನ್ನ ಸೊಂಟದ ಆಪರೇಷನ್ ಆದ್ಮೇಲೆ ಬೆಟ್ಟದ ಕಡೆ ತಲೆ ಹಾಕಲ್ಲ ಅಂತ ಅವಳು ನನ್ನ ಕೈಲಿ ಆಣೆ ಮಾಡಿಸ್ಕೊಂಡಿದ್ದಾಳೆ. ಅವಳ ಲೆಕ್ಕದಲ್ಲಿ ಈಗ ನಾನು ಚರ್ಚಿನ ಹೊಲಿಗೆ ಸಂಘದಲ್ಲಿದ್ದೀನಿ. ಭಾನುವಾರ ಪ್ರಾರ್ಥನೇಲಿ ಇರ್ತೀನಿ. ನಾಳೆ ನೀವೆಲ್ಲ ಬರೋದ್ರಿಂದ ನಿಜವಾಗ್ಲೂ ಚರ್ಚಿಗೆ ಹೋಗ್ಬೇಕು. ಎಲ್ಲಾ ನಿನ್ನಿಂದ."

"ಹಾಗಾದ್ರೆ ಇಬ್ಬರೂ ಸುಮ್ಮನಿದ್ರೆ..."

"ಸುಮ್ಮನಿರೋದಕ್ಕೆ ನಾನೇನು ಪುಕ್ಕಟೆ ಬಿದ್ದಿದ್ದೀನಾ? ಒಬ್ಬಳೇ ಹೋದಾಗ ಎಲ್ಲಾದ್ರೂ ಬಿದ್ದರೆ ಗತಿ ಏನು ಅಂತ ನನಗೂ ಭಯ. ಮುಂದಿನ ಭಾನುವಾರದಿಂದ ಬೆಳಿಗ್ಗೆ ಬೆಟ್ಟದ ಬುಡಕ್ಕೆ ಬಂದುಬಿಡು. ನನ್ನ ಚೀಲ ನೀನು ಹೊರಬೇಕು. ಮಳೆ, ಗಾಳಿ, ಹಿಮ, ಯಾವ ಸಬೂಬೂ ಬೇಡ."

"ಪ್ರತಿ ಭಾನುವಾರಾನಾ?"

"ಹೋಗ್ತೀನಿ ಅಂತ ನೀನೇ ಹೇಳ್ತಾ ಬಂದಿದ್ದೀಯಲ್ಲ," ಎಂದಳು ಅಜ್ಜಿ, ಕಿತ್ತಳೆ ಸುಲಿಯುತ್ತಾ.

ಮರುದಿನದ ಕಚೇರಿ ಪ್ರವಾಸದಲ್ಲಿ ಹಾಲ್ವರ್ ಮಿಂಚಿದ. ಎಡಕ್ಕೆ ಎಂದಲ್ಲಿ ಎಡಕ್ಕೆ ಹೊರಳಿದ, ಕೆರೆಯನ್ನು ಬಲಕ್ಕೇ ಇಟ್ಟುಕೊಂಡ, ಗಾಳಿಯಲ್ಲಿ ಯಾರನ್ನೂ ನಿಲ್ಲಿಸಲಿಲ್ಲ. ದಿನವಿಡೀ ಮಂಜು, ಏನೂ ಕಾಣಲಿಲ್ಲ. "ನೀವು ಹೇಳಿದ ಹಾಗೇ ಇದೆ," ಎಂದು ಸಿಗ್ನೆ ಸಂತೋಷಪಟ್ಟಳು. ದಾರಿಯಲ್ಲಿ ಮೇಷ್ಟ್ರು ಎದುರಾಗಿ, ಇವನ ಮುಖವನ್ನೇ ನೋಡುತ್ತಾ, "ನಿಮ್ಮನ್ನ ಎಲ್ಲೋ ನೋಡಿದ್ದೀನಿ," ಎಂದರು. "ಎಲ್ಲರೂ ನೋಡಿರ್ತಾರೆ, ಪ್ರತಿ ವಾರ ಬರೋರು," ಎಂದು ಟ್ರುಲ್ಸ್ ಉತ್ತರಿಸಿದ.

ಅದರ ಮುಂದಿನ ಭಾನುವಾರ ಹಾಸಿಗೆ, ರೇಡಿಯೋ, ಪದಬಂಧ ಎಲ್ಲವನ್ನೂ ಬಿಟ್ಟು ಹಾಲ್ವರ್ ಎದ್ದು ಹೋದ. ಸುರಿಯುವ ಮಳೆಯಲ್ಲಿ ಅಜ್ಜಿಯ ಚೀಲ ಹೊತ್ತುಕೊಂಡು, ಅವಳನ್ನು ಬೈದುಕೊಂಡು, ತನ್ನನ್ನು ಬೈದುಕೊಂಡು ಏರಿದ. ಉಲ್ರಿಕೆನ್ನಿನ ನೆತ್ತಿಯ ಹತ್ತಿರ ಬಂದಾಗ ತಲೆ ಮೋಡದಿಂದ ಈಚೆ ಬಂತು. ಮೇಲೆ ಎಳೆಬಿಸಿಲು. ಊರೆಲ್ಲ ಬಿಳಿ ಮೋಡದಡಿ ಮುಳುಗಿತ್ತು, ಆಚೆ ದ್ವೀಪಗಳು, ಅದರಾಚೆ ಹೊಳೆಯುವ ಸಮುದ್ರ. ಹಾಲ್ವರ್ ಚೀಲ ಇಳಿಸುವುದನ್ನೂ ಮರೆತು ನಿಂತ. ಕಣ್ಣು ಒದ್ದೆಯಾಯಿತು. ಅಜ್ಜಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಕೆಳಗಿಳಿದಾಗ ಮತ್ತೆ ಅದೇ ಮಳೆ.

ಸೋಮವಾರ ಊಟದ ಕೋಣೆಯಲ್ಲಿ ಟ್ರುಲ್ಸ್ ಕೇಳಿದ, "ಗುರು, ನಿನ್ನೆ ಎಲ್ಲಿ? ಹೇಗಿತ್ತು?"

ಅಷ್ಟು ವರ್ಷಗಳಲ್ಲಿ ಮೊದಲ ಸಲ ಹಾಲ್ವರನಿಗೆ ಹೇಳುವುದಕ್ಕೆ ಏನಾದರೂ ಇತ್ತು. "ಉಲ್ರಿಕೆನ್," ಎಂದ, ಮುಖವೆಲ್ಲ ಅರಳಿ. "ಏನ್ ಬಿಸಿಲು ಅಂತೀರಿ. ಸಮುದ್ರದವರೆಗೂ ಕಾಣ್ತಿತ್ತು, ಒಂದೊಂದು ದ್ವೀಪಾನೂ ಎಣಿಸ್ಬಹುದಿತ್ತು."

ಯೋರುನ್ ಬ್ರೆಡ್ಡನ್ನು ಕೆಳಗಿಟ್ಟಳು.

"ನಿನ್ನೆನಾ?" ಎಂದ ಟ್ರುಲ್ಸ್. "ನಿನ್ನೆ ಬೆಳಿಗ್ಗೆಯಿಂದ ಮಳೆ ಬಿಟ್ಟೇ ಇಲ್ವಲ್ಲೋ."

"ಕೆಳಗೆ ಮಳೆ ಇತ್ತು. ಮೇಲೆ ಬಿಸಿಲು. ನಿಜ, ನಾನೇ ನೋಡಿದೆ. ಬೇಕಾದ್ರೆ..." ಬೇಕಾದರೆ ಯಾರನ್ನು ಕೇಳಬೇಕೆಂದು ಅವನು ಹೇಳುವ ಹಾಗಿರಲಿಲ್ಲ. ಸಹಾಯಕ್ಕೆಂದು ಸಿಗ್ನೆಯ ಕಡೆ ತಿರುಗಿದ.

ಸಿಗ್ನೆ ಫ್ಲಾಸ್ಕನ್ನು ಮುಚ್ಚಿಯೇ ಹಿಡಿದುಕೊಂಡಿದ್ದಳು. "ನಮ್ಮಮ್ಮ ನಿನ್ನೆ ಚರ್ಚಿಂದ ಮನೆಗೆ ಬರೋ ಅಷ್ಟರಲ್ಲಿ ತೊಪ್ಪೆಯಾಗಿದ್ರು," ಎಂದಳು ಮೆಲ್ಲಗೆ. "ಹಾಲ್ವರ್, ಇಷ್ಟು ವರ್ಷದಲ್ಲಿ ನೀವು ಒಂದು ಸುಳ್ಳು ಹೇಳಿದ್ದೂ ನಾನು ಕೇಳಿರ್ಲಿಲ್ಲ. ಇವತ್ತು ಯಾಕೆ?"

ಹಾಲ್ವರ್ ತಲೆ ತಗ್ಗಿಸಿ ತನ್ನ ಖಾಲಿ ಲೋಟವನ್ನು ನೋಡಿದ.

"ತಮಾಷೆಗೆ ಹೇಳ್ದೆ," ಎಂದ. "ಮಂಜಿತ್ತು. ಏನೂ ಕಾಣಲಿಲ್ಲ."

ಎಲ್ಲರೂ ನಕ್ಕು ಊಟ ಮುಂದುವರಿಸಿದರು. ಸಿಗ್ನೆ ಅವನ ಲೋಟಕ್ಕೆ ಕಾಫಿ ಬಗ್ಗಿಸಿದಳು.